ನೇರಳೆ ಕಂಟೆಸ್ಸಾಕ್ಕೆ ಬಿಳಿ ಹೊಡೆಸಬೇಡಿ: ಅಪರೂಪದ ಬಣ್ಣದ ಹಳೇ ಸ್ಪೋರ್ಟ್ಸ್ ಕಾರನ್ನು ಆನ್‌ಲೈನ್‌ನಲ್ಲಿ ಮಾರುವ ಬಗೆ

"ಅಣ್ಣಾರ, ನಮ್ಮ ಮಾವಾರ ಕಾಲದ ಕಂಟೆಸ್ಸಾ ಐತ್ರಿ. ಬಣ್ಣ ನೋಡಿದ್ರ ಬದನೆಕಾಯಿ. ಬಿಳಿ ಹೊಡೆಸಿ ಆನ್‌ಲೈನ್‌ನಾಗ ಹಾಕ್ಲೋ, ಹಂಗಽ ಹಾಕ್ಲೋ?"

ಕಾರು ಬೇರೆ, ಊರು ಬೇರೆ, ಪ್ರಶ್ನೆ ಮಾತ್ರ ಇದೇ. ಗಂಗಾವತಿಯಿಂದ ಗಿಳಿಹಸಿರು ಸ್ಯಾನ್ ಸ್ಟಾರ್ಮ್, ಸಿಂಧನೂರಿನಿಂದ ಅರಿಶಿನ ಬಣ್ಣದ ಪಾಲಿಯೋ, ಬಳ್ಳಾರಿಯಿಂದಲೇ ಗುಲಾಬಿ ಪದ್ಮಿನಿ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಕಂಟೆಸ್ಸಾ ಸ್ಪೋರ್ಟ್ಸ್ ಕಾರೇ ಎಂದು ಹುಬ್ಬೇರಿಸುವವರಿಗೆ ಒಂದು ಮಾತು: ಅದರ ಉದ್ದ ಬಾನೆಟ್ಟಿನ ಎದುರು ನಿಂತು ನೋಡಿ, ಆಮೇಲೆ ಮಾತಾಡೋಣ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬಿಳಿ ಹೊಡೆಸಬೇಡಿ.

ಕಾರಣ ಸರಳ. ನಮ್ಮ ಬಿಸಿಲಿಗೆ, ಧೂಳಿಗೆ ಬಿಳಿ ಕಾರೇ ಸರಿ ಅನ್ನುವವರು ಬಳ್ಳಾರಿಯಲ್ಲಿ ಬೀದಿಗೆ ಹತ್ತು ಜನ ಸಿಗುತ್ತಾರೆ. ಆದರೆ ಅವರ್ಯಾರೂ ಮೂವತ್ತು ವರ್ಷದ ಹಳೇ ಕಾರು ಕೊಳ್ಳುವವರಲ್ಲ. ನಿಮ್ಮ ಗಿರಾಕಿ ಪುಣೆಯಲ್ಲೋ ಕೊಚ್ಚಿಯಲ್ಲೋ ಕೂತು ರಾತ್ರಿ ಹನ್ನೊಂದಕ್ಕೆ ಮೊಬೈಲ್ ತಿಕ್ಕುತ್ತಿರುವ ಒಬ್ಬನೇ ಒಬ್ಬ. ಬಿಳಿ ಕಾರುಗಳ ಸಾಲಿನಲ್ಲಿ ಅವನ ಬೆರಳು ನಿಲ್ಲುವುದು ನೇರಳೆ ಕಂಡಾಗ. ಜೊತೆಗೆ, ಮಾರುವ ಮುಂಚೆ ಹೊಸದಾಗಿ ಬಣ್ಣ ಹೊಡೆಸಿದ ಹಳೇ ಕಾರು ಕಂಡರೆ ತಿಳಿದವರಿಗೆ ಮೊದಲು ಬರುವುದು ಅನುಮಾನ: ಅಡಿಯಲ್ಲಿ ಏನು ಮುಚ್ಚಿದ್ದಾರೋ!

ಹೊರದೇಶದ ಅನುಭವವೂ ಇದೇ. 1970ರಲ್ಲಿ ಡಾಡ್ಜ್ ಕಂಪನಿ 'ಪ್ಲಮ್ ಕ್ರೇಜಿ' ಹೆಸರಿನ ಕಡು ನೇರಳೆ ಬಣ್ಣ ತಂದಿತು. ಪೋರ್ಷೆ 1990ರ ದಶಕದ ಆರಂಭದಲ್ಲಿ 911ರ ಮೇಲೆ 'ರೂಬಿಸ್ಟೋನ್ ರೆಡ್' ಅಂತ ಹೊಡೆಯಿತು. ಹೆಸರು ಕೆಂಪು, ನೋಡಿದರೆ ರಾಣಿ ಪಿಂಕ್. ಆಗ ಮೂಗು ಮುರಿದವರು ಕಮ್ಮಿಯಲ್ಲ. ಇವತ್ತು ಸಂಗ್ರಾಹಕರು ಹುಡುಕಿಕೊಂಡು ಹೋಗುವುದು ಅವನ್ನೇ. ಆದರೆ ಒಂದು ಷರತ್ತಿದೆ: ಆ ಬಣ್ಣ ಕಾರ್ಖಾನೆಯಿಂದಲೇ ಬಂದದ್ದು ಎಂದು ತೋರಿಸಲು ಆಗಬೇಕು. ಕಾರ್ಖಾನೆಯ ನೇರಳೆ ಒಂದು ಬೆಲೆ, ಗ್ಯಾರೇಜಿನ ನೇರಳೆ ಇನ್ನೊಂದು ಬೆಲೆ. ಎರಡಕ್ಕೂ ಗಿರಾಕಿ ಇದ್ದಾರೆ. ಯಾವುದು ಎಂದು ಹೇಳದ ನೇರಳೆಗೆ ಮಾತ್ರ ಯಾರೂ ಇಲ್ಲ.

ಶುರು ಮಾಡುವ ಮುಂಚೆ ಇಷ್ಟು ಕೈಗೆ ಸಿಗುವಂತಿರಲಿ: ಆರ್‌ಸಿ, ಅಂದರೆ ವಾಹನದ ನೋಂದಣಿ ಪತ್ರ, ವಿಮೆ ಮತ್ತು ಹೊಗೆ ತಪಾಸಣೆ ಕಾಗದ, ಕಾರಿನ ಹಳೇ ಫೋಟೋ ಮನೆಯ ಆಲ್ಬಮ್ಮಿನಲ್ಲಿದ್ದರೆ ಅದು, ಫ್ರಿಜ್ಜಿನ ಬಾಗಿಲಿಗೆ ಅಂಟಿಸುವಂಥ ಒಂದು ತೆಳು ಅಯಸ್ಕಾಂತ, ಬಿಳಿ ಹತ್ತಿ ಬಟ್ಟೆ, ಟಾರ್ಚು, ಒಂದು ಬಿಳಿ ಹಾಳೆ. ಮತ್ತೆ ಒಂದು ತಿಂಗಳ ಸಮಾಧಾನ. ಇಂಥ ಕಾರು ವಾರದಲ್ಲಿ ಹೋಗುವುದಿಲ್ಲ.

ಹಂತ 1: ಬಣ್ಣದ ಹುಟ್ಟು ಪತ್ತೆ ಮಾಡಿ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲೇ.

ಡಿಕ್ಕಿ ತೆಗೆದು ಸ್ಟೆಪ್ನಿ ಎತ್ತಿ ನೋಡಿ. ನೆಲದ ಮ್ಯಾಟು, ಕಾರ್ಪೆಟ್ಟು ಸರಿಸಿ. ಪೆಟ್ರೋಲ್ ಹಾಕುವ ಮುಚ್ಚಳದ ಒಳಗೆ, ಹಿಂಬದಿ ಲೈಟಿನ ಹಿಂದೆ, ಡ್ಯಾಶ್‌ಬೋರ್ಡಿನ ಅಡಿಗೆ ಟಾರ್ಚು ಬಿಡಿ. ಬಣ್ಣ ಬದಲಿಸುವ ಮೇಸ್ತ್ರಿ ಎಷ್ಟೇ ಅಚ್ಚುಕಟ್ಟಾದರೂ ಈ ಜಾಗಗಳಿಗೆ ಸಾಮಾನ್ಯವಾಗಿ ಗನ್ ಹಿಡಿಯುವುದಿಲ್ಲ. ಹೊರಗೆ ನೇರಳೆ, ಸ್ಟೆಪ್ನಿ ಗುಂಡಿಯಲ್ಲಿ ಕೆನೆಬಿಳಿ ಕಂಡರೆ ಕಥೆ ಮುಗಿಯಿತು. ಕಾರು ಹುಟ್ಟಿದ್ದು ಕೆನೆಬಿಳಿಯಾಗಿ.

ಆಮೇಲೆ ಬಾಗಿಲಿನ ಬೀಡಿಂಗ್ ರಬ್ಬರ್ ಮೆಲ್ಲಗೆ ಎಳೆದು, ಅದರ ಅಂಚಿನಲ್ಲಿ ಉಗುರು ಓಡಿಸಿ. ಸಣ್ಣ ಮೆಟ್ಟಿಲಿನಂತೆ ಉಗುರಿಗೆ ತಡೆದರೆ, ಅಲ್ಲಿ ಟೇಪು ಅಂಟಿಸಿ ಬಣ್ಣ ಹೊಡೆದಿದ್ದಾರೆ ಎಂದರ್ಥ. ಮಡ್‌ಗಾರ್ಡಿನ ಬೋಲ್ಟ್ ತಲೆ ನೋಡಿ. ಬಣ್ಣ ಸೀಳಿದ್ದರೆ ಯಾವತ್ತೋ ಬಿಚ್ಚಿ ಕೂಡಿಸಿದ್ದಾರೆ.

ಬಾನೆಟ್ಟಿನ ಕೆಳಗೆ, ಎಂಜಿನ್ನಿನ ಹಿಂದಿನ ಗೋಡೆಯ ಮೇಲೆ, ಅಥವಾ ಬಾಗಿಲ ಚೌಕಟ್ಟಿನಲ್ಲಿ ಒಂದು ಲೋಹದ ತಗಡೋ ಚೀಟಿಯೋ ಇರಬಹುದು. ಅದರಲ್ಲಿ ಬಣ್ಣದ ಕೋಡ್ ಇದ್ದರೆ ಅದೇ ಜನ್ಮಪತ್ರ. ಕಾರ್ಖಾನೆ ಆ ಕಾರಿಗೆ ಯಾವ ಬಣ್ಣ ಕೊಟ್ಟಿತ್ತು ಎನ್ನುವ ಸಣ್ಣ ಗುರುತು ಅದು. ಸ್ಪಷ್ಟ ಫೋಟೋ ತೆಗೆದಿಡಿ. ಗಣಿ ಕಾಲದಲ್ಲಿ ನಮ್ಮ ಕಡೆ ಬಂದಿಳಿದ ವಿದೇಶಿ ಕಾರುಗಳಲ್ಲಿ ಈ ಚೀಟಿ ಸಿಗುವ ಸಂಭವ ಹೆಚ್ಚು. ಅವುಗಳಲ್ಲಿ ಕೆಲವಕ್ಕೆ ಮೊದಲ ಮಾಲೀಕನೇ ಕೈಯಿಂದ ದುಡ್ಡು ಕೊಟ್ಟು ಪಟ್ಟಿಯಲ್ಲಿಲ್ಲದ ಬಣ್ಣ ಹೊಡೆಸಿಕೊಂಡಿರುತ್ತಾನೆ. ಪೋರ್ಷೆ ಭಾಷೆಯಲ್ಲಿ ಇದಕ್ಕೆ 'ಪೇಂಟ್ ಟು ಸ್ಯಾಂಪಲ್' ಎನ್ನುತ್ತಾರೆ. ಅದರ ಕಾಗದವೊಂದು ಸಿಕ್ಕರೆ ಬಣ್ಣದ ಮೇಲೇ ಬೆಲೆ ಏರುತ್ತದೆ.

ಈಗ ಬಿಳಿ ಬಟ್ಟೆ ತೆಗೆದುಕೊಳ್ಳಿ. ಸ್ವಲ್ಪ ಪಾಲಿಶ್ ಹಚ್ಚಿ ಕಾಣದ ಮೂಲೆಯೊಂದರಲ್ಲಿ ಉಜ್ಜಿ. ಬಟ್ಟೆಗೆ ಕಾರಿನ ಬಣ್ಣವೇ ಮೆತ್ತಿದರೆ ಅದು ಒಂದೇ ಪದರದ ಬಣ್ಣ. ಹಳೇ ಕಾರುಗಳಿಗೆ ಬರುತ್ತಿದ್ದದ್ದು ಅದೇ. ಬಟ್ಟೆ ಬೆಳ್ಳಗೇ ಉಳಿದರೆ ಮೇಲೊಂದು ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ, ಇದೆ. 1980ರ ಪದ್ಮಿನಿಯ ಮೇಲೆ ಕ್ಲಿಯರ್ ಕೋಟ್ ಕಂಡರೆ ಅದು ಆಮೇಲಿನ ಕೆಲಸ.

ನಮ್ಮ ಗ್ಯಾರೇಜಿನವರು ಎಲ್ಲದಕ್ಕೂ 'ಡುಕೋ' ಎನ್ನುತ್ತಾರೆ. ಅದು 1920ರ ದಶಕದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ತಂದ ಬೇಗ ಒಣಗುವ ಬಣ್ಣವೊಂದರ ಹೆಸರು. ಅದಕ್ಕೂ ಮುಂಚೆ ಒಂದು ಕಾರಿನ ಬಣ್ಣ ಒಣಗಿ ಮುಗಿಯಲು ವಾರಗಟ್ಟಲೆ ಬೇಕಿತ್ತು. ಹಾಗಾಗಿ ಮೇಸ್ತ್ರಿ "ಡುಕೋ ಹೊಡೆದೀವಿ" ಅಂದಷ್ಟಕ್ಕೆ ಬರೆದುಕೊಂಡು ಬರಬೇಡಿ. ಯಾವ ಪೇಂಟು, ಎಷ್ಟು ಪದರ, ಯಾವ ವರ್ಷ ಎಂದು ಬಿಡಿಸಿ ಕೇಳಿ.

ಅಯಸ್ಕಾಂತದ ಕೆಲಸ ಪುಟ್ಟಿ, ಅಂದರೆ ತಗಡಿನ ಗುಳಿ ತುಂಬಿ ಸಮ ಮಾಡಿದ ಲೇಪ, ಹುಡುಕುವುದು. ತಗಡಿನ ಮೇಲೆ ಗಟ್ಟಿ ಹಿಡಿಯುವ ಅಯಸ್ಕಾಂತ ಪುಟ್ಟಿ ದಪ್ಪಗಿರುವ ಕಡೆ ಜಾರುತ್ತದೆ. ಚಕ್ರದ ಕಮಾನಿನ ಸುತ್ತ, ಬಾಗಿಲಿನ ಕೆಳ ಅಂಚಿನಲ್ಲಿ, ಹಿಂದಿನ ಕಂಬಗಳ ಬುಡದಲ್ಲಿ ನಿಧಾನವಾಗಿ ಎಳೆಯುತ್ತಾ ಹೋಗಿ. ಹುಬ್ಬಳ್ಳಿ, ಬೆಂಗಳೂರಿನ ಗಿರಾಕಿ ಬಣ್ಣದ ದಪ್ಪ ಅಳೆಯುವ ಯಂತ್ರವನ್ನೇ ತರಬಹುದು. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್ ಆಸುಪಾಸು ಇರುತ್ತದೆ (ಒಂದು ಮಿಲಿಮೀಟರಿನ ಸಾವಿರ ಭಾಗದಲ್ಲಿ ಒಂದು ಭಾಗವೇ ಒಂದು ಮೈಕ್ರಾನ್). ಅಲ್ಲಿ 600, 800 ಎಂದು ತೋರಿದರೆ ಅಡಿಯಲ್ಲಿ ಪುಟ್ಟಿ ಇದೆ. ಅವನು ಕಂಡುಹಿಡಿಯುವ ಮುಂಚೆ ನಿಮಗೆ ಗೊತ್ತಿರಲಿ.

ಗೋವಾದಲ್ಲಿ ತಯಾರಾಗುತ್ತಿದ್ದ ಎರಡೇ ಸೀಟಿನ ಸ್ಯಾನ್ ಸ್ಟಾರ್ಮ್ ಮತ್ತು ನಮ್ಮ ಬೆಂಗಳೂರಿನದೇ ಆದ ಸಿಪಾನಿ ಡಾಲ್ಫಿನ್‌ಗೆ ಈ ಪರೀಕ್ಷೆ ನಡೆಯುವುದಿಲ್ಲ. ಅವುಗಳ ಮೈ ಫೈಬರ್. ಅಯಸ್ಕಾಂತ ಎಲ್ಲೂ ಹಿಡಿಯುವುದಿಲ್ಲ. "ಪೂರಾ ಪುಟ್ಟಿ ಐತ್ರಿ" ಎಂದು ಗಿರಾಕಿ ಬೆಚ್ಚಿಬಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಫೈಬರ್ ಮೈಯಲ್ಲಿ ನೋಡಬೇಕಾದದ್ದು ಜೇಡರ ಬಲೆಯಂಥ, ನಕ್ಷತ್ರದಂಥ ಸಣ್ಣ ಬಿರುಕುಗಳನ್ನು. ಏಟು ಬಿದ್ದ ಜಾಗದಲ್ಲಿ ಅವು ಮೂಡುತ್ತವೆ.

ಹಂತ 2: ಆರ್‌ಸಿಯಲ್ಲಿ ಏನು ಬಣ್ಣ ಬರೆದಿದೆ ನೋಡಿ

ಪರಿವಾಹನ್ ಪೋರ್ಟಲ್ಲಿನಲ್ಲೋ ಎಂಪರಿವಾಹನ್ ಆ್ಯಪಿನಲ್ಲೋ ನಿಮ್ಮ ನಂಬರ್ ಹಾಕಿ. ನಮ್ಮ ಕಡೆಯ ಕಾರಾದರೆ ಬಳ್ಳಾರಿಯ ಕೆಎ-34, ಹೊಸಪೇಟೆಯ 35, ರಾಯಚೂರಿನ 36, ಕೊಪ್ಪಳದ 37, ಇವುಗಳಲ್ಲಿ ಒಂದಿರುತ್ತದೆ. ಪುಸ್ತಕದ ರೂಪದ ಹಳೇ ಆರ್‌ಸಿ ಇದ್ದು ಆನ್‌ಲೈನ್‌ನಲ್ಲಿ ವಿವರ ಬರದಿದ್ದರೆ, ಮೊದಲು ಆರ್‌ಟಿಓ ಕಚೇರಿಯಲ್ಲಿ 'ಬ್ಯಾಕ್‌ಲಾಗ್ ಎಂಟ್ರಿ' ಆಗಬೇಕು, ಅಂದರೆ ಹಳೇ ರಿಜಿಸ್ಟರಿನ ಮಾಹಿತಿಯನ್ನು ಕಂಪ್ಯೂಟರಿಗೆ ಏರಿಸಬೇಕು. ಇದಕ್ಕೆ ಓಡಾಟ ಬೇಕು. ಜಾಹೀರಾತು ಹಾಕಿ ಗಿರಾಕಿ ಕೂತ ಮೇಲೆ ಶುರು ಮಾಡಿದರೆ ಗಿರಾಕಿ ಎದ್ದು ಹೋಗುತ್ತಾನೆ.

ಬಣ್ಣದ ಕಾಲಂನಲ್ಲಿ ಚೂರುಪಾರು ವ್ಯತ್ಯಾಸ ಇದ್ದರೆ ಹೆದರಬೇಡಿ. ಗುಮಾಸ್ತರ ಕಣ್ಣಿಗೆ ನೇರಳೆ ನೀಲಿಯಾಗಿ ಕಂಡಿರುತ್ತದೆ, ತಾಮ್ರದ ಬಣ್ಣ ಕಂದು ಆಗಿರುತ್ತದೆ. ಆದರೆ ಆರ್‌ಸಿಯಲ್ಲಿ 'ವೈಟ್', ಎದುರಿಗೆ ಬದನೆಕಾಯಿ ಎಂದಾದರೆ ಅದನ್ನು ಸರಿ ಮಾಡಿಸದೆ ಜಾಹೀರಾತು ಹಾಕಬೇಡಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ನೋಂದಣಿಯ ವಿವರಕ್ಕೂ ವಾಹನಕ್ಕೂ ತಾಳೆಯಾಗಬೇಕು. ಸರಿಯಾದ ಕ್ರಮವೆಂದರೆ ಮೊದಲು ಆರ್‌ಟಿಓಗೆ ಅರ್ಜಿ, ಆಮೇಲೆ ಬಣ್ಣ, ಆಮೇಲೆ ಗಾಡಿ ತೋರಿಸಿ ಆರ್‌ಸಿಯಲ್ಲಿ ಹೊಸ ಬಣ್ಣ ಬರೆಸುವುದು. ನಮ್ಮಲ್ಲಿ ಎಲ್ಲರೂ ಮಾಡುವುದು ಇದರ ಉಲ್ಟಾ. ಹಿಂದಿನ ಮಾಲೀಕ ಹೊಡೆಸಿ ಬಿಟ್ಟಿದ್ದರೂ ಸರಿಪಡಿಸುವ ಹೊಣೆ ಈಗ ನಿಮ್ಮದೇ. ಸ್ಟಿಕ್ಕರ್ ರ್ಯಾಪ್ ಸುತ್ತಿಸಿ ಇಡೀ ಗಾಡಿಯ ಬಣ್ಣ ಬದಲಿಸಿದ್ದರೂ ಲೆಕ್ಕ ಇದೇ.

ಎಚ್ಚರಿಕೆ: ಮಿಲಿಟರಿ ಹಸಿರು, ಅಂದರೆ ಆಲಿವ್ ಗ್ರೀನ್, ಬೇಡವೇ ಬೇಡ. ಜಿಪ್ಸಿ, ಜೋಂಗಾ ಇಟ್ಟುಕೊಂಡವರಿಗೆ ಇದರ ಹುಚ್ಚು ಜಾಸ್ತಿ. ಕೇಂದ್ರ ಮೋಟಾರು ವಾಹನ ನಿಯಮ 121ರಂತೆ ಆ ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ ಮೀಸಲು. ಹರಾಜಿನಲ್ಲಿ ಕೊಂಡ ಸೇನೆಯ ಗಾಡಿಯಾದರೂ ಬಣ್ಣ ಬದಲಿಸಲೇಬೇಕು. ಈ ಲೇಖನದಲ್ಲಿ "ಬೇರೆ ಬಣ್ಣ ಹೊಡೆಸಿ" ಎಂದು ನಾನು ಹೇಳುವುದು ಇದೊಂದೇ ಕಡೆ.

ಇದೇ ಹೊತ್ತಿಗೆ ಇನ್ನೂ ಮೂರು ಗಂಟು ಬಿಡಿಸಿಕೊಳ್ಳಿ.

ಕಾರು ತೀರಿಕೊಂಡವರ ಹೆಸರಿನಲ್ಲಿದ್ದರೆ, ಮಾವನದೋ ಅಪ್ಪನದೋ, ನೇರವಾಗಿ ಮಾರಲು ಬರುವುದಿಲ್ಲ. ಮೊದಲು ಫಾರ್ಮ್ 31ರಲ್ಲಿ ವಾರಸುದಾರರ ಹೆಸರಿಗೆ ಬರಬೇಕು; ಉಳಿದ ವಾರಸುದಾರರ ಒಪ್ಪಿಗೆಯೂ ಬೇಕಾಗುತ್ತದೆ. ಬೆಲೆ ಏರಿದೆ ಎಂದು ತಿಳಿದ ಮೇಲೆ ಅಣ್ಣತಮ್ಮಂದಿರ ಒಪ್ಪಿಗೆ ಕಷ್ಟ, ಮೊದಲೇ ತೆಗೆದುಕೊಳ್ಳಿ.

ಆರ್‌ಸಿಯ ಮೇಲೆ ಹಳೇ ಸಾಲದ ಗುರುತು ಉಳಿದಿದೆಯೇ? ಸಾಲ ತೀರಿ ಇಪ್ಪತ್ತು ವರ್ಷ ಆಗಿರಬಹುದು, ಗುರುತು ಅಳಿಸದೆ ವರ್ಗಾವಣೆ ಆಗದು. ಸಾಲ ಕೊಟ್ಟ ಬ್ಯಾಂಕಿನ ಪತ್ರ ಮತ್ತು ಫಾರ್ಮ್ 35 ಬೇಕು. ಆ ಬ್ಯಾಂಕೇ ಈಗ ಇಲ್ಲದಿದ್ದರೆ ವಿಲೀನವಾದ ಬ್ಯಾಂಕಿಗೆ ಹೋಗಿ: ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ ಆಯಿತು, ಸಿಂಡಿಕೇಟ್ 2020ರಲ್ಲಿ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ ಸೇರಿದವು.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. ಅವಧಿ ಮುಗಿದ ಆರ್‌ಸಿ ಇಟ್ಟುಕೊಂಡು ಮಾರಾಟಕ್ಕೆ ಇಳಿಯಬೇಡಿ. ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದ ಕಾರಿಗೆ 2021ರ ನಿಯಮಗಳಡಿ 'ವಿಂಟೇಜ್' ನೋಂದಣಿಯ ದಾರಿಯಿದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನಂಬರ್ ಪ್ಲೇಟಿನಲ್ಲಿ 'ವಿಎ' ಅಕ್ಷರ. ಆದರೆ ಆ ಕಾರನ್ನು ದಿನಬಳಕೆಗೆ ಓಡಿಸುವಂತಿಲ್ಲ. 1960ರ ದಶಕದ ಸ್ಟ್ಯಾಂಡರ್ಡ್ ಹೆರಾಲ್ಡ್ ಇದ್ದವರು ಯೋಚಿಸಬಹುದು. ಕಂಟೆಸ್ಸಾ ಮಾರುಕಟ್ಟೆಗೆ ಬಂದದ್ದೇ 1984ರಲ್ಲಿ, ಅದಕ್ಕೆ ಇನ್ನೂ ಕಾಲ ಬಂದಿಲ್ಲ.

ಹಂತ 3: ತೊಳೆಯಿರಿ, ತಿಕ್ಕಬೇಡಿ

ಸಂಡೂರು, ತೋರಣಗಲ್ಲು ಕಡೆಯ ರಸ್ತೆಯಲ್ಲಿ ಓಡಾಡಿದ ಕಾರಿನ ಮೇಲೆ ಕೂರುವುದು ಬರೀ ಮಣ್ಣಲ್ಲ, ಅದಿರಿನ ಪುಡಿ. ಒಣಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಉಪ್ಪುಕಾಗದದಲ್ಲಿ ತೀಡಿದ ಹಾಗೆ; ಗಾಢ ಬಣ್ಣದ ಮೇಲೆ ಬಿಸಿಲಿನಲ್ಲಿ ಸುತ್ತುಸುತ್ತು ಗೀರು ಎದ್ದು ಕಾಣುತ್ತವೆ. ಮೊದಲು ಧಾರಾಳ ನೀರು ಸುರಿದು ಧೂಳು ಇಳಿಸಿ, ಆಮೇಲೆ ಶಾಂಪೂ. ನೆರಳಿನಲ್ಲೇ ತೊಳೆಯಿರಿ. ಬೋರ್‌ವೆಲ್ ನೀರನ್ನು ಹಾಗೇ ಒಣಗಲು ಬಿಟ್ಟರೆ ಬಿಳಿ ಚುಕ್ಕೆ ಕೂರುತ್ತದೆ, ಕೂಡಲೇ ಒರೆಸಿ. ಕೈಯಾಡಿಸಿದಾಗ ಇನ್ನೂ ತರಿತರಿ ಎನಿಸಿದರೆ ಕ್ಲೇ ಬಾರ್, ಅಂದರೆ ಕಣಗಳನ್ನು ಎತ್ತಿಕೊಳ್ಳುವ ಜೇಡಿಯಂಥ ಮುದ್ದೆ, ಬಳಸಬಹುದು.

ಗ್ಯಾರೇಜಿನವರು "ಒಂದು ರಬ್ಬಿಂಗ್ ಹೊಡೆದ್ಬಿಡ್ತೀನಿ, ಫಳಫಳ ಆಗ್ತತಿ" ಎನ್ನುತ್ತಾರೆ. ಹಳೇ ಒಂದೇ ಪದರದ ಬಣ್ಣವಾದರೆ ಪ್ರತಿ ರಬ್ಬಿಂಗಿಗೂ ಬಣ್ಣವೇ ಸವೆಯುತ್ತದೆ, ಅಂಚುಗಳಲ್ಲಿ ಪ್ರೈಮರ್ ಇಣುಕುತ್ತದೆ. ಮ್ಯಾಟ್ ಬಣ್ಣಕ್ಕಂತೂ ಪಾಲಿಶ್ ಮುಟ್ಟಿಸಲೇಬೇಡಿ, ಮಿರುಗುವ ಕಲೆ ಶಾಶ್ವತ. ಸಣ್ಣ ಗೀರು, ಕಲ್ಲೇಟು ಹಾಗೇ ಇರಲಿ. ಫೋಟೋದಲ್ಲಿ ತೋರಿಸಿ ಸಾಕು.

ಹಂತ 4: ಫೋಟೋ

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಸಂಬಂಧಿಕರ ಕಾರೊಂದನ್ನು ಶೆಡ್ಡಿನೊಳಗೆ ಟ್ಯೂಬ್‌ಲೈಟಿನಲ್ಲಿ ತೆಗೆದು ಹಾಕಿದ್ದೆ. ಫೋಟೋದಲ್ಲಿ ನವಿಲು ನೀಲಿ. ಹುಬ್ಬಳ್ಳಿಯಿಂದ ಬಂದವರು ಶಟರ್ ಎತ್ತಿ ಹೊರಗೆ ತಂದ ಕೂಡಲೇ ಬಿಸಿಲಿನಲ್ಲಿ ಅದು ಪಾಚಿ ಹಸಿರು. ಚಹಾ ಕುಡಿಯಲೂ ನಿಲ್ಲಲಿಲ್ಲ.

ಕೆಲವು ಬಣ್ಣಗಳು ಬೆಳಕು ಬದಲಾದಂತೆ ಬದಲಾಗುತ್ತವೆ. ಪರ್ಲ್ (ಬಣ್ಣದ ಮೇಲೆ ಮುತ್ತಿನ ಹೊಳಪಿನ ತೆಳು ಪದರ), ಮೆಟಾಲಿಕ್ (ಸಣ್ಣ ಲೋಹದ ಚೂರು ಬೆರೆತದ್ದು), ನೋಡುವ ಕೋನಕ್ಕೆ ತಕ್ಕಂತೆ ಹಸಿರು-ನೇರಳೆ ಆಗುವ ಗೋಸುಂಬೆ ಬಣ್ಣ, ಇವೆಲ್ಲ ಈ ಜಾತಿಯವು. ಆದ್ದರಿಂದ ಮೂರು ಬೆಳಕಿನಲ್ಲಿ ತೆಗೆಯಿರಿ: ಬೆಳಗ್ಗೆ ಸೂರ್ಯ ಏರುವ ಮುಂಚೆ, ನೇರ ಬಿಸಿಲಿನಲ್ಲಿ, ಸಂಜೆ ನೆರಳಿನಲ್ಲಿ. ಬೇಸಿಗೆಯ ನಡುಮಧ್ಯಾಹ್ನ ಮಾತ್ರ ಬೇಡ, ಎಲ್ಲ ಬಣ್ಣವೂ ಸುಣ್ಣವಾಗುತ್ತದೆ.

ಒಂದು ಫೋಟೋದಲ್ಲಿ ಬಾನೆಟ್ಟಿನ ಮೇಲೆ ಬಿಳಿ ಹಾಳೆ ಇಡಿ. ಹಾಳೆ ಬೆಳ್ಳಗೆ ಕಂಡರೆ ಪಕ್ಕದ ಬಣ್ಣವೂ ನಿಜ. ಹಾಳೆ ಹಳದಿಗೆ ತಿರುಗಿದ್ದರೆ ಮೊಬೈಲು ಸುಳ್ಳು ಹೇಳುತ್ತಿದೆ. ಫಿಲ್ಟರ್ ಪೂರಾ ಬಂದ್ ಮಾಡಿ.

ಜಾಗದ ಬಗ್ಗೆಯೂ ಒಂದು ಮಾತು. ಕೆಮ್ಮಣ್ಣಿನ ಬಯಲಿನಲ್ಲಿ ನಿಲ್ಲಿಸಿದರೆ ಬಾಗಿಲಿನ ಕೆಳಭಾಗಕ್ಕೆ ನೆಲದ ಕೆಂಪು ಪ್ರತಿಫಲಿಸುತ್ತದೆ. ತಿಳಿನೀಲಿ ಕಾರು ಸೊಂಟದ ಕೆಳಗೆ ಕಂದಿದಂತೆ ಕಾಣುತ್ತದೆ, ಗಿರಾಕಿ ತುಕ್ಕು ಎಂದುಕೊಳ್ಳುತ್ತಾನೆ. ಡಾಂಬರು ರಸ್ತೆ, ಹಿಂದೆ ನಮ್ಮ ಬೂದುಗಲ್ಲಿನ ಗುಡ್ಡ, ಇದಕ್ಕಿಂತ ಒಳ್ಳೆಯ ಹಿನ್ನೆಲೆ ಬೆಂಗಳೂರಿನ ಸ್ಟುಡಿಯೋದಲ್ಲೂ ಸಿಗದು. ಬಳ್ಳಾರಿ ಗುಡ್ಡ, ಕೊಪ್ಪಳದ ಬೆಟ್ಟ, ರಾಯಚೂರು ಕೋಟೆಯ ಬದಿ, ಯಾವುದಾದರೂ ಸರಿ. ಕಲ್ಲಿನ ಬೂದಿಗೆ ಎದುರಾಗಿ ಯಾವ ಬಣ್ಣವೂ ತನ್ನಷ್ಟಕ್ಕೆ ಎದ್ದು ನಿಲ್ಲುತ್ತದೆ.

ಸುತ್ತಲಿನ ಎಂಟು ಫೋಟೋ, ಒಳಗಿನ ನಾಲ್ಕು, ಎಂಜಿನ್, ಅಡಿಭಾಗ, ಸ್ಟೆಪ್ನಿ ಗುಂಡಿ, ಬಣ್ಣದ ಕೋಡ್. ಆಮೇಲೆ ಕಲೆ, ಗೀರು, ತುಕ್ಕು ಒಂದೊಂದೂ ಹತ್ತಿರದಿಂದ, ಪಕ್ಕದಲ್ಲಿ ಅಳತೆಗೆ ಒಂದು ರೂಪಾಯಿ ನಾಣ್ಯ ಹಿಡಿದು.

ಹಂತ 5: ಜಾಹೀರಾತು ಬರೆಯುವುದು

ಬಣ್ಣಕ್ಕೆ ಎರಡು ಹೆಸರು ಕೊಡಿ. ಕಂಪನಿ ಇಟ್ಟ ಹೆಸರು ಗೊತ್ತಿದ್ದರೆ ಅದು ಮೊದಲು, ಹುಡುಕುವವರು ಅದನ್ನೇ ಟೈಪ್ ಮಾಡುತ್ತಾರೆ. ಆಮೇಲೆ ಕಣ್ಣಿಗೆ ಕಟ್ಟುವ ಹೆಸರು. ನಮ್ಮ ಸೀರೆ ಅಂಗಡಿಗಳಲ್ಲಿ ಬಣ್ಣಕ್ಕೆ ಬರವೇ? ರಾಮಾ ಗ್ರೀನ್, ಎಂಎಸ್ ಬ್ಲೂ, ರಾಣಿ ಪಿಂಕ್, ಬೂದಿ, ಗಿಳಿಹಸಿರು, ಅರಿಶಿನ, ಇಟ್ಟಿಗೆ ಕೆಂಪು. 'ವಿಶಿಷ್ಟ ಬಣ್ಣ', 'ಸೂಪರ್ ಕಲರ್' ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ.

ಮಾದರಿಗೆ ಹೀಗೆ ಬರೆಯಬಹುದು:

"1994ರ ಕಂಟೆಸ್ಸಾ ಕ್ಲಾಸಿಕ್, 1.8 ಪೆಟ್ರೋಲ್, ಕೆಎ-34, ಮೂರನೇ ಮಾಲೀಕ. ಬಣ್ಣ ಗಾಢ ನೇರಳೆ ಮೆಟಾಲಿಕ್, ನಮ್ಮ ಕಡೆ ಬದನೆಕಾಯಿ ಎನ್ನುತ್ತೇವೆ. ಇದು ಕಂಪನಿ ಬಣ್ಣವಲ್ಲ. ಮೂಲ ಬಣ್ಣ ಬಿಳಿ, ಸ್ಟೆಪ್ನಿ ಗುಂಡಿಯಲ್ಲಿ ಈಗಲೂ ಇದೆ (ಫೋಟೋ 14). 2009ರಲ್ಲಿ ಬಳ್ಳಾರಿಯಲ್ಲಿ ಹೊಡೆಸಿದ್ದು, ಆರ್‌ಸಿಯಲ್ಲಿ ನಮೂದಾಗಿದೆ. ಎಡಗಡೆ ಹಿಂಬಾಗಿಲಲ್ಲಿ ಪುಟ್ಟಿ ಇದೆ (ಫೋಟೋ 17). ಬಾನೆಟ್ಟಿನ ಬಣ್ಣ ಬಾಗಿಲಿಗಿಂತ ಒಂದು ಚೂರು ಮಂಕು. ಎಂಜಿನ್ ನಂಬರ್ ಆರ್‌ಸಿಗೆ ತಾಳೆ."

ಕೊನೆಯ ಸಾಲು ಮರೆಯಬೇಡಿ. ಕಂಟೆಸ್ಸಾಕ್ಕೆ ಬೇರೆ ಎಂಜಿನ್ ಕೂರಿಸಿದವರು ಬಹಳ ಮಂದಿ ಇದ್ದಾರೆ, ಅದನ್ನು ಕೇಳದ ಗಿರಾಕಿ ಇಲ್ಲ. ಇಂಗ್ಲಿಷಿನಲ್ಲೂ ಇದನ್ನೇ ಬರೆದು ಜೊತೆಗೆ ಹಾಕಿ. ಹೊರರಾಜ್ಯದವರಿಗೆ ಕನ್ನಡ ಬಾರದು.

ವಿದೇಶಿ ಕಾರಾದರೆ ಸುಂಕ ಕಟ್ಟಿದ ಕಾಗದ, ಅಂದರೆ 'ಬಿಲ್ ಆಫ್ ಎಂಟ್ರಿ', ಇದೆ ಎಂದು ಬರೆಯಿರಿ. ಇಲ್ಲದಿದ್ದರೆ ಜಾಹೀರಾತಿಗಿಂತ ಮೊದಲು ವಕೀಲರನ್ನು ನೋಡಿ.

ಹಂತ 6: ಬೆಲೆ

ಇದಕ್ಕೆ ಸೂತ್ರ ಇಲ್ಲ, ನಾನು ಮಾಡುವ ಲೆಕ್ಕ ಹೇಳುತ್ತೇನೆ. ಅದೇ ಮಾಡೆಲ್, ಅದೇ ಸ್ಥಿತಿಯ ಸಾಮಾನ್ಯ ಬಣ್ಣದ ಕಾರುಗಳನ್ನು ಆನ್‌ಲೈನ್‌ನಲ್ಲಿ ನೋಡಿ ಒಂದು ಸರಾಸರಿ ಹಿಡಿಯಿರಿ. ನೆನಪಿರಲಿ, ಅಲ್ಲಿ ಕಾಣುವುದು ಕೇಳುವ ಬೆಲೆ, ಕೊಟ್ಟ ಬೆಲೆಯಲ್ಲ. ನಿಮ್ಮ ಬಣ್ಣ ಕಾರ್ಖಾನೆಯದು, ದಾಖಲೆ ಇದೆ ಎಂದಾದರೆ ಅದರ ಮೇಲೆ ಕೇಳಿ, ತಿಂಗಳು ಕಾಯಿರಿ. ಗ್ಯಾರೇಜಿನ ಬಣ್ಣವಾದರೆ, ಮೂಲ ಬಣ್ಣಕ್ಕೆ ತರಲು ಏನು ಖರ್ಚಾಗುತ್ತದೆ ಎಂದು ಇಬ್ಬರು ಮೇಸ್ತ್ರಿಗಳಲ್ಲಿ ಕೇಳಿಟ್ಟುಕೊಳ್ಳಿ. ಗಿರಾಕಿ ಚೌಕಾಸಿಗೆ ಇಳಿಯುವುದು ಅದೇ ಅಂಕಿಯ ಮೇಲೆ, ಮತ್ತು ಅವನು ಬೆಂಗಳೂರಿನ ರೇಟು ಹೇಳುತ್ತಾನೆ. ನಿಮ್ಮ ಹತ್ತಿರ ಬಳ್ಳಾರಿಯ ರೇಟು ಇರಲಿ.

ಹಂತ 7: ಫೋನು ಬರಲು ಶುರುವಾದ ಮೇಲೆ

ಮೊದಲ ದಿನದ ಕರೆಗಳಲ್ಲಿ ಅರ್ಧ ಮೋಸಗಾರರವು ಎಂದುಕೊಂಡೇ ಫೋನ್ ಎತ್ತಿ. "ನಾನು ಸೇನೆಯಲ್ಲಿದ್ದೇನೆ, ಗಾಡಿ ನೋಡುವುದೇ ಬೇಡ, ಅಡ್ವಾನ್ಸ್ ಈಗಲೇ ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ" ಎನ್ನುವುದು ಬಹಳ ಹಳೇ ಆಟ. ದುಡ್ಡು ಪಡೆಯಲು ಸ್ಕ್ಯಾನ್ ಮಾಡುವುದೂ ಬೇಡ, ಯುಪಿಐ ಪಿನ್ ಒತ್ತುವುದೂ ಬೇಡ. ಪಿನ್ ಒತ್ತಿದರೆ ಹೋಗುವುದು ನಿಮ್ಮ ದುಡ್ಡು. ಹೋಗಿಯೇಬಿಟ್ಟರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ನಿಜವಾದ ಗಿರಾಕಿಯ ಗುರುತು ಬೇರೆ. ಅವನು ಬೆಲೆಗಿಂತ ಮೊದಲು ಸ್ಟೆಪ್ನಿ ಗುಂಡಿಯ ಫೋಟೋ ಕೇಳುತ್ತಾನೆ. ವಿಡಿಯೋ ಕರೆಯಲ್ಲಿ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ತೋರಿಸಿ ಎನ್ನುತ್ತಾನೆ. ಅಂಥವರಿಗೆ ಆರ್‌ಸಿಯ ಪ್ರತಿ ಕಳಿಸಬಹುದು. ಆಧಾರ್ ಪ್ರತಿ ಮಾತ್ರ ಯಾರಿಗೂ ಈ ಹಂತದಲ್ಲಿ ಬೇಡ. ನೋಡಲು ಬಂದವರಿಗೆ ಕೀಲಿ ಕೊಟ್ಟು ಒಬ್ಬರನ್ನೇ ಓಡಿಸಲು ಬಿಡಬೇಡಿ. ಜೊತೆಗೆ ಕೂತುಕೊಳ್ಳಿ, ವಿಮೆ ಚಾಲ್ತಿಯಲ್ಲಿರಲಿ. ದೆಹಲಿ ಸುತ್ತಮುತ್ತಲಿನವರು ಕೇಳಿದರೆ ಅಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಕಾರಿಗೆ ನಿರ್ಬಂಧ ಇರುವುದನ್ನು ಮೊದಲೇ ನೆನಪಿಸಿ, ಇಬ್ಬರ ಸಮಯವೂ ಉಳಿಯುತ್ತದೆ.

ಹಂತ 8: ಕೊಡುವ ದಿನ

ದುಡ್ಡು ಬ್ಯಾಂಕ್ ಮೂಲಕವೇ ಬರಲಿ. 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಂಡರೆ ಆದಾಯ ತೆರಿಗೆ ಕಾನೂನಿನಡಿ ಅಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ತೆಗೆದುಕೊಂಡವರಿಗೆ.

ಕಾರನ್ನು ಗಿರಾಕಿಯ ಹೆಸರಿಗೆ ವರ್ಗಾಯಿಸುವ ಫಾರ್ಮ್ 29 ಮತ್ತು 30ಕ್ಕೆ ಸಹಿ. ಅನಂತಪುರ, ಕರ್ನೂಲಿನ ಗಿರಾಕಿಯಾದರೆ ಹೊರರಾಜ್ಯಕ್ಕೆ ನಿರಾಕ್ಷೇಪಣಾ ಪತ್ರ, ಅಂದರೆ ಫಾರ್ಮ್ 28ರ ಎನ್‌ಓಸಿ, ಕೂಡ ಬೇಕು. ರಾಜ್ಯದೊಳಗೆ ಮಾರಿದರೆ 14 ದಿನದಲ್ಲಿ ಮಾರಿದವರು ಆರ್‌ಟಿಓಗೆ ತಿಳಿಸಬೇಕು. "ಗಿರಾಕಿ ಮಾಡಿಸಿಕೊಳ್ತಾನ ಬಿಡ್ರಿ" ಎಂದು ಖಾಲಿ ಫಾರ್ಮಿಗೆ ಸಹಿ ಹಾಕಿ ಕೊಡುವ ಚಾಳಿ ನಮ್ಮಲ್ಲಿ ಬಹಳ. ಆರ್‌ಸಿಯಲ್ಲಿ ಹೆಸರು ಇರುವವರೆಗೆ ಅಪಘಾತದ ಪರಿಹಾರದ ಹೊಣೆ ನೋಂದಾಯಿತ ಮಾಲೀಕನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಕಾರು ಕೊಟ್ಟ ತಾರೀಖು, ಗಂಟೆ, ಓಡಿದ ಕಿಲೋಮೀಟರ್ ಬರೆದು ಇಬ್ಬರೂ ಸಹಿ ಹಾಕಿದ ಚೀಟಿ ಇಟ್ಟುಕೊಳ್ಳಿ. ಫಾಸ್ಟ್ಯಾಗ್ ಕಿತ್ತು ಖಾತೆ ಮುಚ್ಚಿ, ಇಲ್ಲದಿದ್ದರೆ ಅವನು ದಾಟುವ ಟೋಲು ನಿಮ್ಮ ಖಾತೆಯಿಂದ ಹೋಗುತ್ತದೆ. ವಿಮೆಯ ನೋ ಕ್ಲೇಮ್ ಬೋನಸ್, ಅಂದರೆ ಪರಿಹಾರ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ, ನಿಮ್ಮದು, ಕಾರಿನದಲ್ಲ. ಅದರ ಪತ್ರ ಕೇಳಿ ತೆಗೆದುಕೊಳ್ಳಿ.

ಕಾರು ಲಾರಿ ಹತ್ತುವ ಮುಂಚೆ ಶೆಡ್ಡಿನ ಅಟ್ಟ ಒಮ್ಮೆ ನೋಡಿ. ಹಿಂದೆ ಹೊಡೆಸಿದಾಗ ಉಳಿದ ಬಣ್ಣದ ಡಬ್ಬಿ ಅಲ್ಲಿದ್ದರೆ, ಒಳಗಿನದು ಗಟ್ಟಿಯಾಗಿದ್ದರೂ ಸರಿ, ಮುಚ್ಚಳದ ಮೇಲೆ ಪೇಂಟ್ ಅಂಗಡಿಯವರು ಬರೆದ ಮಿಶ್ರಣದ ನಂಬರ್ ಇರುತ್ತದೆ. ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟುಕೊಡಿ. ಮುಂದೆ ಯಾವತ್ತಾದರೂ ಒಂದು ಬಾಗಿಲಿಗೆ ಅದೇ ಬದನೆಕಾಯಿ ಬೇಕಾದಾಗ ಹೊಸ ಮಾಲೀಕ ನಿಮಗೆ ಫೋನ್ ಮಾಡುವುದು ತಪ್ಪುತ್ತದೆ.